ಒಂದೇ ಮಿನಾರಿನ ಸಾಕ್ಷ್ಯ

ನಮ್ಮ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಕಾರ್ಡೋಬಾದ ಮಸೀದಿಯ ಕಮಾನುಗಳನ್ನು ತೋರಿಸಿ ಬೆರಗುಪಡುತ್ತಾರೆ. ಇಸ್ತಾಂಬುಲಿನ ಮಸೀದಿಗಳ ಹೆಸರುಗಳೂ ಅವರ ನಾಲಗೆಯ ಮೇಲಿವೆ. ಅವರಲ್ಲಿ ಅನೇಕರು ಮಾನ್ವಿ, ದೇವದುರ್ಗಗಳ ಕಡೆಯವರು. ರಾಯಚೂರಿಗೆ ಬಂದುಹೋಗುವುದು ಅವರಿಗೆ ನಿತ್ಯದ ಮಾತು. ಒಮ್ಮೆ ಅವರನ್ನು ಕೇಳಿದೆವು: ರಾಯಚೂರಿನ ಏಕ್ ಮಿನಾರ್ ಮಸೀದಿ ಯಾವ ಕಾಲದ್ದು, ಕಟ್ಟಿಸಿದವರು ಯಾರು? ಯಾರೂ ಬಾಯಿ ತೆರೆಯಲಿಲ್ಲ. ತಪ್ಪು ಅವರದಲ್ಲ. ಹೇಳಿಕೊಡಬೇಕಾದ ನಾವೇ ಹೇಳಿಕೊಟ್ಟಿರಲಿಲ್ಲ.

ಭೂಮಿಯಲ್ಲಿ ಸಂಚರಿಸಿ ಗತಜನಾಂಗಗಳ ಪರಿಣಾಮವನ್ನು ನೋಡಿ ತಿಳಿಯುವಂತೆ ಪವಿತ್ರ ಕುರ್‌ಆನ್ ಹಲವು ಕಡೆ ಕರೆ ನೀಡುತ್ತದೆ. ಈ ಸಂಚಾರಕ್ಕೆ ಪಾಸ್‌ಪೋರ್ಟೇ ಬೇಕೆಂದಿಲ್ಲ; ಕೆಲವೊಮ್ಮೆ ಬಸ್ಸಿನ ಟಿಕೆಟ್ ಸಾಕು.

ಮಿನಾರಿನ ಮಾತಿನಿಂದಲೇ ಆರಂಭಿಸೋಣ. ಮದೀನಾದಲ್ಲಿ ಪ್ರವಾದಿ(ಸ)ರು ಕಟ್ಟಿದ ಮಸೀದಿಗೆ ಖರ್ಜೂರದ ಕಾಂಡಗಳೇ ಕಂಬಗಳು, ಖರ್ಜೂರದ ಗರಿಗಳೇ ಛಾವಣಿ. ಅದಕ್ಕೆ ಮಿನಾರು ಇರಲಿಲ್ಲ. ಹಝ್ರತ್ ಬಿಲಾಲ್(ರ) ಮಸೀದಿಯ ಸಮೀಪದ ಎತ್ತರದ ಮನೆಯೊಂದರ ಮೇಲೆ ನಿಂತು ಮುಂಜಾವಿನ ಅಝಾನ್ ನೀಡುತ್ತಿದ್ದರೆಂದು ಹದೀಸಿನಿಂದ ತಿಳಿಯುತ್ತದೆ. ಉಮಯ್ಯಾ ಖಲೀಫರ ಕಾಲದಿಂದ ಮಿನಾರುಗಳು ಎದ್ದವು. ಆಯಾ ನಾಡಿನ ಶಿಲ್ಪಿಗಳು ಅವುಗಳಿಗೆ ತಮ್ಮ ನಾಡಿನ ರೂಪ ಕೊಟ್ಟರು. ಸ್ಪೇನಿನಲ್ಲಿ ಅವು ಚೌಕವಾದವು, ತುರ್ಕಿಯಲ್ಲಿ ಸಪೂರವಾಗಿ ಮೊನಚಾದವು, ನಮ್ಮ ದಖ್ಖನಿನಲ್ಲಿ ದುಂಡಾದವು.

ರಾಯಚೂರಿನ ಮಿನಾರು ಈ ಮೂರನೆಯ ಬಗೆಯದು. ಮಸೀದಿಯ ಅಂಗಳದ ಮೂಲೆಯಲ್ಲಿ ಅದು ಒಂಟಿಯಾಗಿ ನಿಂತಿದೆ. ಎತ್ತರ ಸುಮಾರು 65 ಅಡಿ, ವ್ಯಾಸ ಸುಮಾರು 10 ಅಡಿ. ಎರಡು ಅಂತಸ್ತು, ಅಂತಸ್ತಿಗೊಂದು ಹೊರಚಾಚಿದ ಮೊಗಸಾಲೆ, ಕಿಟಕಿಗಳು, ಒಳಗೆ ಸುತ್ತುವ ಮೆಟ್ಟಿಲು. ಮೇಲೇರಿದಂತೆ ಕಿರಿದಾಗುತ್ತ ಹೋಗಿ, ನೆತ್ತಿಯಲ್ಲಿ ಬಹಮನಿ ಶೈಲಿಯ ಗುಮ್ಮಟವನ್ನು ಹೊತ್ತಿದೆ. ಬೀದರಿನಲ್ಲಿ 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದರಸಾದ ಮಿನಾರನ್ನು ಕಂಡವರಿಗೆ ಇದು ಅದೇ ಮನೆತನದ ಕಿರಿಯ ಕುಡಿಯೆಂದು ತೋರದಿರದು.

ಬಾಗಿಲ ಬಳಿಯ ಪಾರ್ಸಿ ಶಾಸನದ ಪ್ರಕಾರ ಈ ಮಸೀದಿ ಕಟ್ಟಿದ್ದು ಹಿಜರಿ 919ರಲ್ಲಿ, ಅಂದರೆ ಕ್ರಿ.ಶ. 1513ರ ಸುಮಾರಿಗೆ; ಕಟ್ಟಿಸಿದಾತನ ಹೆಸರು ಅಂಬರ್. ಸುಲ್ತಾನ ಮಹಮೂದ್ ಶಾಹ್ ಬಹಮನಿಯ ಆಳ್ವಿಕೆಯೆಂದು ಅದರಲ್ಲಿದೆ. ಆದರೆ ಆ ಹೊತ್ತಿಗೆ ಬಹಮನಿ ಸುಲ್ತಾನನಿಗೆ ಉಳಿದಿದ್ದುದು ಹೆಸರು ಮಾತ್ರ. ಅಧಿಕಾರ ಬೀದರಿನಲ್ಲಿ ಬರೀದರ ಕೈಯಲ್ಲಿತ್ತು, ಬಿಜಾಪುರದಲ್ಲಿ ಆದಿಲ್ ಶಾಹಿಗಳ ಕೈಯಲ್ಲಿತ್ತು. ರಾಜ್ಯ ಕರಗುತ್ತಿದ್ದ ಕಾಲದಲ್ಲಿ ಎದ್ದ ಮಿನಾರಿದು. ರಾಜ್ಯ ಹೋಯಿತು, ಅಝಾನ್ ಉಳಿಯಿತು.

ಮಿನಾರಿಗಿಂತಲೂ ರಾಯಚೂರು ಹಿರಿಯದು. ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲೊಂದಿದೆ. 1294ರಲ್ಲಿ ಗೋರೆ ಗನ್ನಯ್ಯ ರೆಡ್ಡಿಯ ಕಾಲದಲ್ಲಿ ಕೋಟೆ ಕಟ್ಟಿದ ವಿವರ ಅದರ ಮೇಲಿದೆ. ಆ ಮಹಾಶಿಲೆಯನ್ನು ಗಾಡಿಯ ಮೇಲೆ ಹೇರಿ ಎಳೆತಂದ ದೃಶ್ಯವನ್ನೂ ಗೋಡೆಯ ಮೇಲೆ ಕೆತ್ತಿದ್ದಾರೆ. ಅಂದಿನಿಂದ ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ಕತ್ತಿ ಒರೆಯಿಂದ ಹೊರಬರುತ್ತಲೇ ಇತ್ತು. 1520ರಲ್ಲಿ ಶ್ರೀಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಕೋಟೆಯನ್ನು ಗೆದ್ದ. ಪೋರ್ಚುಗೀಸ್ ಕೋವಿಕಾರರು ಆ ಮುತ್ತಿಗೆಯಲ್ಲಿ ರಾಯನ ಪಕ್ಷದಲ್ಲಿದ್ದ ಸಂಗತಿಯನ್ನು ಅವರದೇ ನಾಡಿನ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅಂದು ಈ ಮಸೀದಿಗೆ ಆರೇಳು ವರ್ಷ. ಮುಂದೆ ಸುಮಾರು ಒಂದು ದಶಕ ರಾಯಚೂರು ವಿಜಯನಗರದ ಅಧೀನದಲ್ಲಿತ್ತು. ಮಿನಾರು ನಿಂತೇ ಇತ್ತು.

ಇದಕ್ಕೆ ಅಚ್ಚರಿಪಡಬೇಕಿಲ್ಲ. ವಿಜಯನಗರದ ರಾಜಧಾನಿಯಲ್ಲಿಯೇ, ಇಮ್ಮಡಿ ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಮಸೀದಿ ಕಟ್ಟಿಸಿದ್ದ. ಅದರ ಶಾಸನ ಕನ್ನಡದಲ್ಲಿದೆ. ಅದು ಆ ಕಟ್ಟಡವನ್ನು ಧರ್ಮಸಾಲೆಯೆಂದು ಕರೆದು, ಅದರ ಪುಣ್ಯವನ್ನು ದೊರೆಗೆ ಸಲ್ಲಿಸುತ್ತದೆ. ಮಸೀದಿಗೆ ಕನ್ನಡ ಹೊಸದಲ್ಲ. ಕನ್ನಡಕ್ಕೆ ಮಸೀದಿಯೂ ಹೊಸದಲ್ಲ.

ಈಗ ಸ್ಪೇನಿನ ಕಡೆ ತಿರುಗೋಣ. ಸೆವಿಲ್ಲೆಯಲ್ಲಿಯೂ ಒಂದು ಒಂಟಿ ಮಿನಾರಿದೆ. 1198ರಲ್ಲಿ ಪೂರ್ಣಗೊಂಡ ಅದರ ನೆತ್ತಿಯ ಮೇಲೆ ಹದಿನಾರನೆಯ ಶತಮಾನದಲ್ಲಿ ಗಂಟೆಗಳ ಅಂತಸ್ತನ್ನು ಏರಿಸಿದರು. ಇಂದು ಅದು ಚರ್ಚಿನ ಗೋಪುರ. ಕಾರ್ಡೋಬಾದ ಮಸೀದಿಯ ನಡುವೆಯೇ ಚರ್ಚು ಎದ್ದಿದೆ. ಇದನ್ನು ಓದುವಾಗ ನಮ್ಮ ಕಣ್ಣು ಒದ್ದೆಯಾಗುತ್ತದೆ. ಆದರೆ ಅದೇ ಕಾರ್ಡೋಬಾದ ಮಸೀದಿಯ ಅನೇಕ ಕಂಬಗಳು ಅದಕ್ಕೂ ಹಿಂದಿನ ರೋಮನ್ ಮತ್ತು ವಿಸಿಗೋಥ್ ಕಟ್ಟಡಗಳಿಂದ ಬಂದವು ಎಂಬುದನ್ನು ನಾವು ಬೇಗನೆ ದಾಟಿ ಹೋಗುತ್ತೇವೆ. ನಮ್ಮ ಪ್ರಾಂತದ ಕೆಲವು ಹಳೆಯ ಮಸೀದಿಗಳಲ್ಲಿಯೂ ಚಾಲುಕ್ಯ ಶೈಲಿಯ ಕಂಬಗಳಿವೆ. ಅವುಗಳ ಬಗ್ಗೆ ವಿದ್ಯಾರ್ಥಿ ಕೇಳಿದರೆ ಮಾತು ಮರೆಸುವುದು ಗುರುವಿಗೆ ಸಲ್ಲದು. ನಮಗೇ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂಬುದು ಕುರ್‌ಆನಿನ ಆಜ್ಞೆ. ಅಲ್ಲಾಹನ ನಾಮಸ್ಮರಣೆ ನಡೆಯುವ ಮಠ, ಚರ್ಚು, ಯಹೂದಿ ಮಂದಿರ, ಮಸೀದಿಗಳನ್ನು ಅದು ಒಂದೇ ಉಸಿರಿನಲ್ಲಿ ಹೇಳಿ, ಅವುಗಳ ನಾಶವನ್ನು ಅನ್ಯಾಯವೆಂದು ಬಗೆಯುತ್ತದೆ. ಇತಿಹಾಸವನ್ನು ನೆಟ್ಟಗೆ ಹೇಳುವುದು ಒಂದು, ಹಳೆಯ ಲೆಕ್ಕವನ್ನು ಇಂದಿನ ನೆರೆಯವನ ಮೇಲೆ ತೀರಿಸುವುದು ಇನ್ನೊಂದು. ಮೊದಲನೆಯದು ಕರ್ತವ್ಯ, ಎರಡನೆಯದು ಅನ್ಯಾಯ. ಯಾರು ಮಾಡಿದರೂ ಅನ್ಯಾಯವೇ.

ಇಷ್ಟು ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ಒಂದು ಕಲ್ಲು. ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಸೀದಿಯನ್ನು ನವೀಕರಿಸಿದ್ದರು. ನೆಲ, ಗೋಡೆ ಎಲ್ಲವೂ ಹೊಳೆಯುತ್ತಿದ್ದವು. ಬಾಗಿಲ ಪಕ್ಕದಲ್ಲಿ ಅಕ್ಷರ ಕೆತ್ತಿದ ಕಲ್ಲೊಂದು ಇತ್ತಲ್ಲವೇ ಎಂದು ಕೇಳಿದೆವು. “ಇತ್ತು ಮೌಲಾನಾ, ಟೈಲ್ಸಿನ ಒಳಗೆ ಹೋಯ್ತು. ಓದೋರು ಯಾರೂ ಇರಲಿಲ್ಲಲ್ಲ,” ಎಂದರು ಹಿರಿಯರೊಬ್ಬರು. ನಮಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಎರಡು ವರ್ಷ ಮೊದಲು ಅದೇ ಮಸೀದಿಯಲ್ಲಿ ನಾವು ಜುಮಾದ ಖುತ್ಬಾ ನೀಡಿದ್ದೆವು. ಪಾರ್ಸಿ ಓದಬಲ್ಲ ನಾವು ಆ ಕಲ್ಲಿನ ಪಕ್ಕದಲ್ಲಿಯೇ ಚಪ್ಪಲಿ ಬಿಟ್ಟು ಒಳಹೋಗಿದ್ದೆವು.

ಮಸೀದಿಗಳ ಜವಾಬ್ದಾರರಲ್ಲಿ ನಮ್ಮ ವಿನಂತಿ ಇಷ್ಟೇ. ದುರಸ್ತಿಗೆ ಕೈಹಾಕುವ ಮೊದಲು ಅಕ್ಷರವಿರುವ ಪ್ರತಿಯೊಂದು ಕಲ್ಲಿನ ಸ್ಪಷ್ಟ ಚಿತ್ರ ತೆಗೆದಿಡಿ. ಅದರ ಮೇಲೆ ಪೇಂಟು, ಟೈಲ್ಸು ಬೇಡ. ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಸವೆಯುತ್ತದೆ. ಗಾರೆಗೆ ಗಾರೆಯೇ ಮದ್ದು. ಕೆಡವುವ ಮೊದಲು ಪುರಾತತ್ವ ಇಲಾಖೆಯ ತಿಳಿದವರನ್ನು ಒಮ್ಮೆ ಕರೆಸಿ ಕೇಳಿ.

ಗುರುಗಳಲ್ಲಿಯೂ ಒಂದು ವಿನಂತಿ. ಏಕ್ ಮಿನಾರಿಗೆ ಕರೆದೊಯ್ಯುವ ಮಕ್ಕಳನ್ನು ಮಾನ್ವಿಗೂ ಕರೆದೊಯ್ಯಿರಿ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರ ಊರು ಅದು. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೆಯ ದೇವಾಲಯಗಳೂ ಶಾಸನಗಳೂ ಇವೆ, ಅವುಗಳನ್ನೂ ತೋರಿಸಿರಿ. ನೆರೆಯವನ ಕಲ್ಲನ್ನು ಗೌರವದಿಂದ ಓದಲು ಕಲಿತ ಮಗುವೇ ತನ್ನ ಕಲ್ಲನ್ನೂ ಜೋಪಾನ ಮಾಡೀತು.

ನಮ್ಮ ವಿದ್ಯಾರ್ಥಿಗಳೊಡನೆ ಮುಂದಿನ ರಜೆಯಲ್ಲಿ ನಾವು ಏಕ್ ಮಿನಾರಿನ ಅಂಗಳಕ್ಕೆ ಹೋಗಲಿದ್ದೇವೆ. ಮಕ್ಕಳೆಲ್ಲ ಮೊದಲು ತಲೆಯೆತ್ತಿ ಗುಮ್ಮಟವನ್ನು ನೋಡುವರು. ನಾವು ಬಾಗಿಲ ಬಳಿ ನಿಂತು, ಹಿಜರಿ 919ರ ಆ ಸಾಲುಗಳನ್ನು ಅವರಿಂದಲೇ ಓದಿಸುವೆವು. ಅಲ್ಲಾಹನು ಅದಕ್ಕೆ ತೌಫೀಕ್ ನೀಡಲಿ, ನಮ್ಮ ಅಲಕ್ಷ್ಯವನ್ನು ಕ್ಷಮಿಸಲಿ. ಆಮೀನ್.