ಎಂಟು ಮಿಲಿಸೆಕೆಂಡಿನ ಜಿಗಿತ

1999ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ ‘ಕ್ವೇಕ್ 3 ಅರೀನಾ’ ಎಂಬ ಗುಂಡಿನ ಆಟವನ್ನು ಹೊರತಂದಾಗ, ಗ್ರಾಫಿಕ್ಸ್ ಕಾರ್ಡುಗಳ ತಾಕತ್ತನ್ನು ಅಳೆಯಲು ಆ ಆಟವನ್ನೇ ಓಡಿಸಿ ನೋಡುತ್ತಿದ್ದರು. ಅಷ್ಟು ಸೊಗಸಾಗಿತ್ತು ಅದರ ನೆರಳು-ಬೆಳಕು. ಪಂದ್ಯಕ್ಕೆ ಕೂತವರು ಮಾತ್ರ ಮೊದಲು ಆ ಸೊಗಸನ್ನೇ ಅಳಿಸಿಹಾಕಿದರು. ‘ಆರ್_ಪಿಕ್‌ಮಿಪ್’ ಎಂಬ ಸೆಟಿಂಗನ್ನು ಒಂದೊಂದೇ ಅಂಕಿ ಏರಿಸಿದಂತೆ ಗೋಡೆಯ ಚಿತ್ರದ ಅಗಲ, ಎತ್ತರ ಎರಡೂ ಅರ್ಧಕ್ಕಿಳಿಯುತ್ತವೆ. 5ಕ್ಕೆ ಬರುವಷ್ಟರಲ್ಲಿ ಕಲ್ಲಿನ ಬಿರುಕು, ಕಬ್ಬಿಣದ ತುಕ್ಕು ಎಲ್ಲ ಕರಗಿ ಬೋಳು ಬಣ್ಣವಷ್ಟೇ ಉಳಿದು, ಎದುರಾಳಿ ಎದ್ದು ಕಾಣುತ್ತಾನೆ. ಕಲಾವಿದರು ವರ್ಷಗಟ್ಟಲೆ ದುಡಿದು ಕಟ್ಟಿದ್ದನ್ನು ಹೀಗೆ ಕೆಡಿಸಿ ಗೆಲ್ಲುವುದೂ ಒಂದು ಗೆಲುವೇ ಎಂದು ಯಾರಾದರೂ ಕೇಳಿದರೆ ಆ ಮಾತಿನಲ್ಲಿ ಹುರುಳಿದೆ. ಆದರೂ ಪಂದ್ಯದ ಲೋಕ ಇದನ್ನು ಒಪ್ಪಿಕೊಂಡಿತು. ಆ ಸೆಟಿಂಗ್ ಹಳೆಯ ಕಂಪ್ಯೂಟರಿನವನಿಗೂ ಎಟುಕುತ್ತಿತ್ತು, ಕದ್ದುಮುಚ್ಚಿ ಮಾಡುವಂಥದ್ದೇನೂ ಅದರಲ್ಲಿರಲಿಲ್ಲ. ಗುಂಡಿನ ಆಟಗಳಲ್ಲಿ ಜಾಣತನಕ್ಕೂ ಮೋಸಕ್ಕೂ ನಡುವಿನ ಗೆರೆಯನ್ನು ಎಳೆದದ್ದು ಕೋಡಿಗಿಂತ ಹೆಚ್ಚಾಗಿ ಇಂಥ ಒಪ್ಪಿಗೆಗಳೇ ಎಂಬುದು ನನ್ನ ವಾದ.

ಅದೇ ಆಟದ ಫ್ರೇಮ್ ರೇಟಿನ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತವೆಂಬುದರ, ಕಥೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅಲ್ಲಿ ಗುರುತ್ವದ ಬೆಲೆ 800. ಪ್ರತಿ ಫ್ರೇಮಿನ ಕೊನೆಗೆ ಆಟಗಾರನ ವೇಗವನ್ನು ಪೂರ್ಣಾಂಕಕ್ಕೆ ತರಲಾಗುತ್ತದೆ. ಸೆಕೆಂಡಿಗೆ 125 ಫ್ರೇಮ್ ಓಡಿಸಿದರೆ ಒಂದೊಂದು ಫ್ರೇಮಿಗೆ 8 ಮಿಲಿಸೆಕೆಂಡು. ಅಷ್ಟರಲ್ಲಿ ಕಳೆಯಬೇಕಾದ ವೇಗ 6.4, ಕಳೆಯುವುದು 6. ಫ್ರೇಮಿಗೆ 16 ಮಿಲಿಸೆಕೆಂಡು ಹಿಡಿದರೆ 12.8ರ ಬದಲು 13 ಕಳೆಯುತ್ತದೆ. ಹೀಗಾಗಿ ವೇಗದ ಕಂಪ್ಯೂಟರಿನವನು ತುಸು ಎತ್ತರಕ್ಕೆ ಹಾರುತ್ತಿದ್ದ. ಅವನಿಗೆ ಸಿಕ್ಕುವ ಕಟ್ಟೆಗಳು ಉಳಿದವರಿಗೆ ಸಿಕ್ಕುತ್ತಿರಲಿಲ್ಲ. ದುಡ್ಡಿದ್ದವನಿಗೆ ಗುರುತ್ವವೇ ಕಡಿಮೆಯಾಗುವುದು ಅನ್ಯಾಯ. ಕೊನೆಗೆ ಇಡ್ ಕಂಪನಿಯೇ ‘ಪಿಮೂವ್_ಫಿಕ್ಸ್ಡ್’ ಎಂಬ ಸೆಟಿಂಗ್ ಕೊಟ್ಟು ಎಲ್ಲರ ಚಲನೆಗೂ ಒಂದೇ ಅಳತೆ ಇಡಲು ದಾರಿ ಮಾಡಿತು. ದೋಷವೆಂದು ಗೊತ್ತಾದ ಮೇಲೆ ತಯಾರಕರು ತಿದ್ದಿಬಿಟ್ಟರೆ ಮುಗಿಯಿತಲ್ಲ, ಒಪ್ಪಿಗೆಯ ಮಾತೇಕೆ ಎನ್ನಬಹುದು. ಆದರೆ ಓರೆಯಾಗಿ ಜಿಗಿಜಿಗಿದು ವೇಗ ಹೆಚ್ಚಿಸಿಕೊಳ್ಳುವ ‘ಸ್ಟ್ರೇಫ್ ಜಂಪ್’ ಕೂಡ ದೋಷವೇ. ಇಡ್ ಕಂಪನಿಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅದನ್ನು ತೆಗೆಯಲು ನೋಡಿ, ಸಾಮಾನ್ಯ ಚಲನೆಯೂ ಕೆಡುತ್ತದೆಂದು ಕೈಬಿಟ್ಟರು. ಅಭ್ಯಾಸದಿಂದ ಯಾರು ಬೇಕಾದರೂ ಕಲಿಯಬಹುದಾದ ಆ ದೋಷವೇ ಮುಂದೆ ಆಟದ ಮುಖ್ಯ ವಿದ್ಯೆಯಾಯಿತು.

ಮ್ಯಾಪಿನ, ಅಂದರೆ ಆಟ ನಡೆಯುವ ಅಂಗಳದ, ದೋಷಗಳಲ್ಲಿ ಜಾಣತನವೋ ಮೋಸವೋ ಎಂಬ ಈ ಪ್ರಶ್ನೆ ತೀವ್ರವಾಗಿ ಎದ್ದದ್ದು 2014ರ ನವೆಂಬರಿನಲ್ಲಿ, ಸ್ವೀಡನ್ನಿನ ಯೋನ್‌ಶಾಪಿಂಗ್‌ನ ಡ್ರೀಮ್‌ಹ್ಯಾಕ್ ಪಂದ್ಯಾವಳಿಯಲ್ಲಿ. ‘ಕೌಂಟರ್ ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ನ ಕ್ವಾರ್ಟರ್ ಫೈನಲಿನ ಕೊನೆಯ ಮ್ಯಾಪ್ ಓವರ್‌ಪಾಸ್‌ನಲ್ಲಿ ಬಹಳ ಹಿಂದೆ ಬಿದ್ದಿದ್ದ ಫ್ನಾಟಿಕ್ ತಂಡದ ಆಟಗಾರನೊಬ್ಬ ಜೊತೆಗಾರರ ತಲೆ ಮೇಲೆ ಹತ್ತಿ, ಕಣ್ಣಿಗೆ ಕಾಣದ ಅಂಚೊಂದರ ಮೇಲೆ ನಿಂತು ಮ್ಯಾಪಿನ ದೊಡ್ಡ ಭಾಗವನ್ನು ಕಾಯತೊಡಗಿದ. ತಂಡ 16–13ರಿಂದ ಗೆದ್ದಿತು. ಎದುರಾಳಿ ತಂಡವಾದ ಫ್ರಾನ್ಸಿನ ಎಲ್‌ಡಿಎಲ್‌ಸಿ ದೂರು ಕೊಟ್ಟಿತು. ಆ ಮ್ಯಾಪನ್ನು ಮತ್ತೆ ಆಡಿಸಬೇಕೆಂಬ ತೀರ್ಮಾನ ಬಂದಾಗ ಫ್ನಾಟಿಕ್ ಪಂದ್ಯವನ್ನೇ ಬಿಟ್ಟುಕೊಟ್ಟಿತು. ಇದು ಹುಡುಕಿ, ಅಭ್ಯಾಸ ಮಾಡಿ ತಂದ ತಂತ್ರ, ಆಟ ಅವಕಾಶ ಕೊಟ್ಟದ್ದನ್ನೇ ಬಳಸಿದ್ದು ಎಂಬ ಸಮರ್ಥನೆ ಇದೆ. ಸ್ಟ್ರೇಫ್ ಜಂಪ್‌ಗೆ ಸಲ್ಲುವ ಈ ವಾದ ಇಲ್ಲಿ ಸಲ್ಲದು: ಎದುರಾಳಿಗೆ ಉತ್ತರ ಕೊಡಲು ದಾರಿಯೇ ಇರಲಿಲ್ಲ. ಆಟದ ತಯಾರಕರಾದ ವಾಲ್ವ್ ಕಂಪನಿ ಆ ಜಾಗವನ್ನು ಮುಚ್ಚಿತು. 2020ರಲ್ಲಿ, ಕೋಚುಗಳ ಕ್ಯಾಮೆರಾ ಮ್ಯಾಪಿನ ಒಂದೆಡೆ ಸಿಕ್ಕಿಕೊಂಡು ಎದುರಾಳಿಗಳನ್ನು ತೋರಿಸುವ ದೋಷವನ್ನು ಬಳಸಿದ್ದಕ್ಕೆ 37 ಕೋಚುಗಳಿಗೆ ನಿಷೇಧ ಬಿದ್ದಾಗಲಂತೂ, ಪ್ರೋಗ್ರಾಮೇ ಅವಕಾಶ ಕೊಟ್ಟಿತ್ತು ಎಂಬ ನೆಪ ನಡೆಯಲಿಲ್ಲ.

ಈಗ ನಮ್ಮ ಹುಡುಗರು ಬಿಜಿಎಂಐ ಎಂಬ ಫೋನಿನ ಗುಂಡಿನ ಆಟದಲ್ಲಿ ಗ್ರಾಫಿಕ್ಸನ್ನು ‘ಸ್ಮೂತ್’ಗೆ ಇಳಿಸಿ ಫ್ರೇಮ್ ರೇಟ್ ಏರಿಸುವುದು ಕ್ವೇಕ್ ಕಾಲದ ಪದ್ಧತಿಯೇ. ಚಿತ್ರದ ಗುಣಮಟ್ಟ ಇಳಿಸುವುದು ಎಲ್ಲರಿಗೂ ಸಾಧ್ಯ, ಫ್ರೇಮ್ ಏರಿಸುವುದು ಒಳ್ಳೆಯ ಫೋನ್ ಇದ್ದವರಿಗಷ್ಟೇ. ಊರಲ್ಲಿ, ಕಾಲೇಜಿನಲ್ಲಿ ಪಂದ್ಯ ನಡೆಸುವವರು ಎಲ್ಲರಿಗೂ ಒಂದೇ ಫ್ರೇಮ್ ರೇಟಿನ ಮಿತಿ ಹಾಕಲಿ, ಮ್ಯಾಪಿನ ಯಾವ ಜಾಗಗಳು ನಿಷಿದ್ಧವೆಂಬುದನ್ನು ಆಟಕ್ಕೆ ಮೊದಲೇ ಬರೆದು ಅಂಟಿಸಲಿ.