ಮನೆಯೊಳಗೆ ಬಂದ ಮೀನ್ಸ್ ಟೆಸ್ಟ್: ಬ್ರಿಟನ್ನಿನ ನಿರುದ್ಯೋಗ ಭತ್ಯೆ ಕಡಿತ, 1931–1941

ಬ್ರಿಟನ್ನಿನಲ್ಲಿ ನಿರುದ್ಯೋಗ ವಿಮೆ ಶುರುವಾದದ್ದು 1911ರ ರಾಷ್ಟ್ರೀಯ ವಿಮಾ ಕಾಯ್ದೆಯಿಂದ. ಹಡಗು ಕಟ್ಟುವುದು, ಕಟ್ಟಡ ಕೆಲಸ, ಎಂಜಿನಿಯರಿಂಗ್ ಮುಂತಾದ ಕೆಲವೇ ಕಸುಬುಗಳ ಸುಮಾರು 22 ಲಕ್ಷ ಕಾರ್ಮಿಕರು ಅದರ ವ್ಯಾಪ್ತಿಗೆ ಬಂದಿದ್ದರು. ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ವಂತಿಗೆ ಕಟ್ಟಬೇಕು. ಕೆಲಸ ಹೋದರೆ ವಾರಕ್ಕೆ 7 ಶಿಲಿಂಗಿನಂತೆ ವರ್ಷದಲ್ಲಿ ಹೆಚ್ಚೆಂದರೆ 15 ವಾರ ಭತ್ಯೆ. 1920ರಲ್ಲಿ ಈ ವಿಮೆ ಒಂದು ಕೋಟಿಗೂ ಮಿಕ್ಕಿದ ಕಾರ್ಮಿಕರಿಗೆ ವಿಸ್ತರಿಸಿತು. ಕೆಲಸವಿಲ್ಲದ ಕಾಲ ಕೆಲವು ವಾರಗಳದ್ದು, ಮತ್ತೆ ಕೆಲಸ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಲೆಕ್ಕಾಚಾರ ನಿಂತಿತ್ತು. ಮರುವರ್ಷವೇ ಕಲ್ಲಿದ್ದಲು, ಹತ್ತಿ ಬಟ್ಟೆ, ಉಕ್ಕು, ಹಡಗು ಉದ್ಯಮಗಳು ಕುಸಿಯತೊಡಗಿ ಆ ನಂಬಿಕೆ ಸುಳ್ಳಾಯಿತು. ವಂತಿಗೆಯ ಹಕ್ಕು ಮುಗಿದವರಿಗೂ ಸರ್ಕಾರ ಸಾಲ ಮಾಡಿ ಭತ್ಯೆ ಕೊಡುತ್ತ ಬಂತು. ಜನ ಇದನ್ನು ‘ಡೋಲ್’ ಎನ್ನುತ್ತಿದ್ದರು.

1929ರ ಆರ್ಥಿಕ ಕುಸಿತದ ನಂತರ ನಿರುದ್ಯೋಗಿಗಳ ಸಂಖ್ಯೆ 25 ಲಕ್ಷ ದಾಟಿತು. ಪ್ರುಡೆನ್ಷಿಯಲ್ ವಿಮಾ ಕಂಪನಿಯ ಕಾರ್ಯದರ್ಶಿಯಾಗಿದ್ದ ಸರ್ ಜಾರ್ಜ್ ಮೇ ಅವರ ಸಮಿತಿ 1931ರ ಜುಲೈ 31ರಂದು ಕೊಟ್ಟ ವರದಿ ಸರ್ಕಾರದ ಖರ್ಚಿನಲ್ಲಿ 9.65 ಕೋಟಿ ಪೌಂಡ್ ಉಳಿಸಬೇಕೆಂದಿತು. ಅದರಲ್ಲಿ 6.65 ಕೋಟಿ ಬರಬೇಕಾಗಿದ್ದುದು ನಿರುದ್ಯೋಗಿಗಳ ಪಾಲಿನಿಂದ, ಭತ್ಯೆಯನ್ನು ಶೇ. 20ರಷ್ಟು ಕಡಿಯಬೇಕೆಂಬುದು ಸಮಿತಿಯ ಸಲಹೆ. ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರ ಲೇಬರ್ ಸಂಪುಟ ಶೇ. 10ರ ಕಡಿತದ ಪ್ರಶ್ನೆಯ ಮೇಲೆಯೇ ಆಗಸ್ಟ್ 23ರಂದು 11–9ಕ್ಕೆ ಒಡೆದು ಬಿದ್ದುಹೋಯಿತು. ಮರುದಿನ ಮ್ಯಾಕ್‌ಡೊನಾಲ್ಡ್ ಅವರೇ ಕನ್ಸರ್ವೇಟಿವ್ ಮತ್ತು ಲಿಬರಲ್ ಪಕ್ಷಗಳನ್ನು ಕೂಡಿಕೊಂಡು ‘ರಾಷ್ಟ್ರೀಯ ಸರ್ಕಾರ’ ರಚಿಸಿದರು. ಕಡಿತ ಜಾರಿಗೆ ಬಂತು.

ಗಂಡ, ಹೆಂಡತಿ, ಮೂರು ಮಕ್ಕಳ ಕುಟುಂಬಕ್ಕೆ ಅದುವರೆಗೆ ಗಂಡಸಿಗೆ 17 ಶಿಲಿಂಗ್, ಹೆಂಡತಿಗೆ 9, ಮಗುವಿಗೆ ತಲಾ 2ರಂತೆ ವಾರಕ್ಕೆ 32 ಶಿಲಿಂಗ್ ಸಿಗುತ್ತಿತ್ತು. ಕಡಿತದ ನಂತರ ಗಂಡಸಿನದು 15 ಶಿಲಿಂಗ್ 3 ಪೆನ್ಸ್, ಹೆಂಡತಿಯದು 8 ಶಿಲಿಂಗ್ ಆಗಿ ಒಟ್ಟು 29 ಶಿಲಿಂಗ್ 3 ಪೆನ್ಸಿಗೆ ಇಳಿಯಿತು. ಹೋದದ್ದು ಮೂರು ಶಿಲಿಂಗಿಗಿಂತ ಸ್ವಲ್ಪ ಕಡಿಮೆ. ಬಾಡಿಗೆ ಕಡಿಮೆ ಮಾಡಲು ಬರುವುದಿಲ್ಲ, ಚಳಿಗಾಲದಲ್ಲಿ ಕಲ್ಲಿದ್ದಲು ಬಿಡಲಾಗದು. ಆದ್ದರಿಂದ ಕಡಿತದ ಭಾರವೆಲ್ಲ ಊಟದ ಮೇಲೆಯೇ ಬಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ನವೆಂಬರ್ 12ರಂದು ಬಂತು. ವಿಮಾ ಭತ್ಯೆಯನ್ನು 26 ವಾರಕ್ಕೆ ಮಿತಿಗೊಳಿಸಿ, ಅದು ಮುಗಿದವರು ಮನೆಯ ಆದಾಯದ ತನಿಖೆಗೆ ಒಳಗಾಗಬೇಕೆಂದು ಸರ್ಕಾರ ಕಟ್ಟಳೆ ಮಾಡಿತು. ಇದೇ ಮೀನ್ಸ್ ಟೆಸ್ಟ್. ಹಳೆಯ ಬಡವರ ಕಾಯ್ದೆಯ ಕೆಲಸವನ್ನು ವಹಿಸಿಕೊಂಡಿದ್ದ ಸ್ಥಳೀಯ ಸಾರ್ವಜನಿಕ ನೆರವು ಸಮಿತಿಗಳಿಗೆ ತನಿಖೆಯ ಹೊಣೆ ಬಿತ್ತು. ಬಡವರ ದುಡಿಮೆಮನೆಗೂ (ವರ್ಕ್‌ಹೌಸ್) ಭಿಕ್ಷೆಗೂ ತಳುಕು ಹಾಕಿಕೊಂಡಿದ್ದ ಆ ಕಚೇರಿಯ ಮೆಟ್ಟಿಲನ್ನು ಜೀವಮಾನದಲ್ಲಿ ಹತ್ತದಿದ್ದ ಗಣಿ ಕಾರ್ಮಿಕರು, ನೇಕಾರರು ಈಗ ಅಲ್ಲಿ ಸರದಿ ನಿಲ್ಲಬೇಕಾಯಿತು. 1932ರ ಜನವರಿಯ ಹೊತ್ತಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಜನ ಈ ತನಿಖೆಯ ವ್ಯಾಪ್ತಿಗೆ ಬಂದಿದ್ದರು.

ತನಿಖಾಧಿಕಾರಿ ಮನೆಗೇ ಬರುತ್ತಿದ್ದ. ಉಳಿತಾಯದ ಪುಸ್ತಕ, ಅಜ್ಜಿಯ ಪಿಂಚಣಿ, ಕೋಣೆ ಬಾಡಿಗೆಗೆ ಕೊಟ್ಟಿದ್ದರೆ ಅದರ ಹಣ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಯುದ್ಧದಲ್ಲಿ ಅಂಗ ಕಳೆದುಕೊಂಡವರ ಪಿಂಚಣಿಯೂ ಲೆಕ್ಕಕ್ಕೆ ಬಂತು. ಅದರ ಅರ್ಧವನ್ನಾದರೂ ಬಿಡಬೇಕೆಂಬ ಕಾಯ್ದೆ ಆಗಲು 1932ರ ಕೊನೆಯವರೆಗೆ ಕಾಯಬೇಕಾಯಿತು. ಪಿಯಾನೊ ಇದ್ದರೆ, ಒಳ್ಳೆಯ ಬೀರು ಇದ್ದರೆ ಮಾರಿಕೊಳ್ಳಿ ಎಂದು ಹೇಳಿದ್ದೂ ಉಂಟು. ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಮಕ್ಕಳ ದುಡಿಮೆಯ ಲೆಕ್ಕ. ಮಗನೋ ಮಗಳೋ ತಂದ ಕೂಲಿಯಲ್ಲಿ ಅವರ ಖರ್ಚಿಗೆಂದು ಒಂದಿಷ್ಟು ಬಿಟ್ಟು ಮಿಕ್ಕದ್ದನ್ನು ಅಪ್ಪನ ಭತ್ಯೆಯಿಂದ ಕಳೆಯುತ್ತಿದ್ದರು. ಮೂವತ್ತು ವರ್ಷ ಗಣಿಯಲ್ಲಿ ದುಡಿದ ಮನುಷ್ಯ ಹದಿನೆಂಟರ ಮಗಳ ಸಂಬಳದಲ್ಲಿ ಉಣ್ಣಬೇಕು. ಮದುವೆಗೆಂದು ಒಂದಿಷ್ಟು ಕೂಡಿಡಬೇಕೆಂದಿದ್ದ ಮಗಳು ಅಪ್ಪನನ್ನು ಸಾಕಬೇಕು. ಸರ್ಕಾರದ ಖಜಾನೆಗೆ ಉಳಿದ ಹಣಕ್ಕಿಂತ ಇದರಿಂದ ಹದಗೆಟ್ಟ ಮನೆಯ ಸಂಬಂಧಗಳು ಹೆಚ್ಚು ಬೆಲೆಯವು. ಎಷ್ಟೋ ಕಡೆ ದುಡಿಯುವ ಮಕ್ಕಳು ಅಪ್ಪ ಅಮ್ಮನ ಭತ್ಯೆ ಉಳಿಸಲೆಂದೇ ಮನೆ ಬಿಟ್ಟು ಬೇರೆ ಕೋಣೆ ಹಿಡಿದರು.

ಹೆಂಗಸರ ಮೇಲೆ ಇನ್ನೊಂದು ಕಟ್ಟಳೆಯೂ ಎರಗಿತು. ಮದುವೆಯಾದ ಹೆಂಗಸು ತಾನು ವರ್ಷಗಟ್ಟಲೆ ವಂತಿಗೆ ಕಟ್ಟಿದ್ದರೂ ಮತ್ತೆ ಕೆಲಸ ಸಿಗುವ ಸಂಭವವಿದೆಯೆಂದು ಸಾಬೀತು ಮಾಡದಿದ್ದರೆ ಭತ್ಯೆ ಇಲ್ಲ ಎಂಬ ನಿಯಮಕ್ಕೆ 1931ರ ಕಾಯ್ದೆಯೊಂದು ದಾರಿ ಮಾಡಿಕೊಟ್ಟಿತು. ಅದನ್ನು ತಂದವರು ಬ್ರಿಟನ್ ಸಂಪುಟದ ಮೊದಲ ಮಹಿಳಾ ಸಚಿವೆ ಮಾರ್ಗರೆಟ್ ಬಾಂಡ್‌ಫೀಲ್ಡ್. ಎರಡೇ ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಭತ್ಯೆ ಕಳೆದುಕೊಂಡರು. ಮನೆಯೊಳಗೆ ಸಂಭಾಳಿಸುವ ಕೆಲಸವೂ ಅವರದೇ ಆಗಿತ್ತು. ಭಾನುವಾರದ ಕೋಟು ಸೋಮವಾರ ಗಿರವಿ ಅಂಗಡಿಗೆ ಹೋಗಿ ಶನಿವಾರ ಬಿಡಿಸಿಕೊಂಡು ಬರುತ್ತಿತ್ತು. ಮೂಲೆಯ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತಿತ್ತು. ಊಟದ ಹೊತ್ತಿಗೆ ಗಂಡನಿಗೂ ಮಕ್ಕಳಿಗೂ ಬಡಿಸಿ ತಾಯಿ ಉಳಿದ ಬ್ರೆಡ್ಡು ಚಹಾದಲ್ಲಿ ದಿನ ನೂಕುತ್ತಿದ್ದಳು. ಕಾರ್ಮಿಕ ಗೃಹಿಣಿಯರ ಆರೋಗ್ಯದ ಬಗ್ಗೆ ಮಾರ್ಜರಿ ಸ್ಪ್ರಿಂಗ್ ರೈಸ್ 1939ರಲ್ಲಿ ಪ್ರಕಟಿಸಿದ ಅಧ್ಯಯನ ಈ ಹಸಿವನ್ನು ದಾಖಲಿಸಿದೆ.

ತನಿಖೆ ನಡೆಸುತ್ತಿದ್ದ ನೆರವು ಸಮಿತಿಗಳೆಲ್ಲ ಒಂದೇ ಬಗೆಯಲ್ಲಿ ನಡೆದುಕೊಳ್ಳಲಿಲ್ಲ. ಲ್ಯಾಂಕಷೈರ್ ಕಠಿಣ, ದಕ್ಷಿಣ ವೇಲ್ಸ್ ಮತ್ತು ಡರಮ್‌ನ ಸಮಿತಿಗಳಲ್ಲಿ ಗಣಿ ಕಾರ್ಮಿಕರ ಮುಖಂಡರೇ ಕೂತಿದ್ದರಿಂದ ಅವು ಬಹುತೇಕ ಪೂರ್ತಿ ಭತ್ಯೆ ಕೊಟ್ಟವು. ರಾದರಮ್ ಮತ್ತು ಡರಮ್ ಸಮಿತಿಗಳ ಅಧಿಕಾರವನ್ನು 1932ರಲ್ಲಿ ಕಿತ್ತುಕೊಂಡು ಸರ್ಕಾರ ತನ್ನ ಆಯುಕ್ತರನ್ನು ಕೂರಿಸಿತು. ಆದರೂ ಸ್ಥಳೀಯ ಸಮಿತಿಯ ಬಾಗಿಲಿಗೆ ಹೋಗಿ ಜಗಳವಾಡಬಹುದಿತ್ತು. 1932ರ ಸೆಪ್ಟೆಂಬರಿನಲ್ಲಿ ಬರ್ಕನ್‌ಹೆಡ್‌ನಲ್ಲಿ ಕೆಲವು ದಿನ ಪೊಲೀಸರ ಜೊತೆ ಘರ್ಷಣೆ ನಡೆದು ಸಮಿತಿ ಭತ್ಯೆಯ ದರ ಏರಿಸಿತು. ಅಕ್ಟೋಬರಿನಲ್ಲಿ ಬೆಲ್‌ಫಾಸ್ಟ್‌ನ ಪ್ರೊಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ನಿರುದ್ಯೋಗಿಗಳು ಹಳೆಯ ಹಗೆ ಮರೆತು ಒಟ್ಟಿಗೆ ಬೀದಿಗಿಳಿದರು. ಇಬ್ಬರು ಗುಂಡಿಗೆ ಬಲಿಯಾದ ಮೇಲೆ ಅಲ್ಲಿಯೂ ದರ ಏರಿತು. ವಾಲ್ ಹ್ಯಾನಿಂಗ್ಟನ್ ನೇತೃತ್ವದ ರಾಷ್ಟ್ರೀಯ ನಿರುದ್ಯೋಗಿ ಕಾರ್ಮಿಕರ ಚಳವಳಿಯ ಮೆರವಣಿಗೆಗಳು ಹೆಸರಾಗಿವೆ. ಅದರ ಶಾಖೆಗಳ ಇನ್ನೊಂದು ಕೆಲಸ ಅಷ್ಟೇ ಮುಖ್ಯವಾದದ್ದು: ನಿಯಮಗಳನ್ನು ಓದಿ ಕರಗತ ಮಾಡಿಕೊಂಡ ಸದಸ್ಯರು, ಭತ್ಯೆ ನಿಂತವರ ಪರವಾಗಿ ಮೇಲ್ಮನವಿಯಲ್ಲಿ ವಾದಿಸುತ್ತಿದ್ದರು.

ಇಂಥ ಜಗಳಕ್ಕೇ ಕೊನೆ ಹಾಡಬೇಕೆಂದು ಹಣಕಾಸು ಸಚಿವ ನೆವಿಲ್ ಚೇಂಬರ್ಲಿನ್ ಬಯಸಿದರು. 1934ರ ನಿರುದ್ಯೋಗ ಕಾಯ್ದೆ ಶೇ. 10ರ ಕಡಿತವನ್ನು ಹಿಂದಕ್ಕೆ ಪಡೆಯಿತು. ಜೊತೆಗೇ ಸ್ಥಳೀಯ ಸಮಿತಿಗಳನ್ನು ಬದಿಗಿಟ್ಟು, ದೇಶಕ್ಕೆಲ್ಲ ಒಂದೇ ದರ ನಿಗದಿ ಮಾಡುವ ನಿರುದ್ಯೋಗ ನೆರವು ಮಂಡಳಿಯನ್ನು ಲಂಡನ್ನಿನಲ್ಲಿ ಸ್ಥಾಪಿಸಿತು. ಬಡವರ ನೆರವು ರಾಜಕೀಯದಿಂದ ದೂರವಾಗಲಿ ಎಂಬುದು ಅದರ ಉದ್ದೇಶ. 1935ರ ಜನವರಿ 7ರಂದು ಮಂಡಳಿ ಕೆಲಸ ಆರಂಭಿಸಿತು. ಅದೇ ತಿಂಗಳು ಭತ್ಯೆ ತರಲು ಹೋದವರ ಕೈಗೆ ಕಡಿಮೆ ಹಣ ಬಂತು. ಕಡಿಮೆ ಬಾಡಿಗೆಯ ಮನೆಯಲ್ಲಿದ್ದವರ ಭತ್ಯೆ ಕಡಿಯುವ ನಿಯಮ, ಮಕ್ಕಳ ದುಡಿಮೆಯ ಬಿಗಿ ಲೆಕ್ಕ ಸೇರಿ ಲಕ್ಷಾಂತರ ಕುಟುಂಬಗಳಿಗೆ ವಾರಕ್ಕೆ ಹಲವು ಶಿಲಿಂಗ್ ಖೋತಾ ಆಯಿತು. ಉದಾರ ಸಮಿತಿಗಳಿದ್ದ ಊರುಗಳಿಗೇ ಹೊಡೆತ ಜೋರು. ಹೋಗಿ ಕೇಳೋಣವೆಂದರೆ ಊರಿನ ಕೌನ್ಸಿಲರ್ ಕೈಯಲ್ಲಿ ಅಧಿಕಾರವಿಲ್ಲ. ಸಚಿವರು ಮಂಡಳಿಯತ್ತ ಬೊಟ್ಟು ಮಾಡುತ್ತಾರೆ.

ಫೆಬ್ರುವರಿ 3ರ ಭಾನುವಾರ ದಕ್ಷಿಣ ವೇಲ್ಸ್‌ನ ಕಣಿವೆಗಳಲ್ಲಿ ಸುಮಾರು ಮೂರು ಲಕ್ಷ ಜನ ರಸ್ತೆಗಿಳಿದರು. ಕಾರ್ಮಿಕ ಸಂಘ, ಚರ್ಚು, ಅಂಗಡಿಕಾರರು ಎಲ್ಲರೂ ಇದ್ದರು. ಕಣಿವೆಯ ಜನರ ಕೈಯಲ್ಲಿ ಹಣವಿಲ್ಲದಿದ್ದರೆ ಅಂಗಡಿಯೂ ಮುಚ್ಚುತ್ತದೆ. ಮರುದಿನ ಮರ್ತರ್ ಟಿಡ್‌ಫಿಲ್‌ನಲ್ಲಿ ಹೆಂಗಸರ ನೇತೃತ್ವದ ಗುಂಪು ಮಂಡಳಿಯ ಕಚೇರಿಗೆ ನುಗ್ಗಿ ಕಿಟಕಿ ಬಾಗಿಲು ಒಡೆದು ಕಡತಗಳನ್ನು ನಾಶಮಾಡಿತು. ಫೆಬ್ರುವರಿ 5ರಂದು ಕಾರ್ಮಿಕ ಸಚಿವ ಆಲಿವರ್ ಸ್ಟ್ಯಾನ್ಲಿ ಸಂಸತ್ತಿನಲ್ಲಿ ಹೊಸ ದರಗಳನ್ನು ತಡೆಹಿಡಿಯುವುದಾಗಿ ಹೇಳಬೇಕಾಯಿತು. ಹಳೆಯ ದರ, ಹೊಸ ದರ ಎರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಕೊಡಬೇಕೆಂಬ ಈ ಏರ್ಪಾಡಿಗೆ ‘ಸ್ಟ್ಯಾಂಡ್‌ಸ್ಟಿಲ್’ ಎಂದು ಹೆಸರು. ಆ ದಶಕದಲ್ಲಿ ನಿರುದ್ಯೋಗಿಗಳು ಗಳಿಸಿದ ದೊಡ್ಡ ಗೆಲುವು ಇದೇ. ಮುಂದಿನ ವರ್ಷ ಜಾರೋ ಊರಿನ ನಿರುದ್ಯೋಗಿಗಳು ಲಂಡನ್ನಿಗೆ ನಡೆಸಿದ ಮೆರವಣಿಗೆಗೆ ಸಿಕ್ಕ ಹೆಸರು ಇದಕ್ಕೆ ಸಿಗದೆ ಹೋದದ್ದು ನ್ಯಾಯವಲ್ಲ.

ತಿದ್ದಿದ ನಿಯಮಗಳು 1936ರ ನವೆಂಬರಿನಲ್ಲಿ ಬಂದವು. ಈ ಬಾರಿ ಯಾರಿಗೂ ಒಮ್ಮೆಲೇ ಹೊಡೆತ ಬೀಳದಂತೆ ಹದಿನೆಂಟು ತಿಂಗಳ ಅವಧಿಯಲ್ಲಿ ಹಂತಹಂತವಾಗಿ ಜಾರಿ ಮಾಡಲಾಯಿತು. ಮಕ್ಕಳ ಕೂಲಿಯನ್ನು ಅಪ್ಪನ ಭತ್ಯೆಗೆ ಜೋಡಿಸುವ ಪದ್ಧತಿ ಯುದ್ಧಕಾಲದವರೆಗೂ ಉಳಿಯಿತು. 1941ರಲ್ಲಿ ಅರ್ನೆಸ್ಟ್ ಬೆವಿನ್ ಕಾರ್ಮಿಕ ಸಚಿವರಾಗಿದ್ದಾಗ ಬಂದ ಕಾಯ್ದೆ ಇಡೀ ಮನೆಯ ಆದಾಯದ ತನಿಖೆಯನ್ನು ರದ್ದು ಮಾಡಿ, ಅರ್ಜಿದಾರ ಮತ್ತು ಅವರ ಆಶ್ರಿತರ ಅಗತ್ಯವನ್ನು ಆಧಾರವಾಗಿಟ್ಟುಕೊಂಡಿತು.