ಕಬ್ಬಿಣದ ಎರಡು ಉತ್ತರ

ವಿದ್ಯುತ್ತಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ದೀಪ ಹೊತ್ತಿದ ಕಥೆಯಾಗಿ ಓದುತ್ತೇವೆ. ನನಗೆ ಅದರಲ್ಲಿ ಹೆಚ್ಚು ಹಿಡಿಸುವುದು, ಜೋಡಿಸಿದವರು ಎಣಿಸದೇ ಇದ್ದ ಉತ್ತರವನ್ನು ತಂತಿಗಳು ಕೊಟ್ಟ ಸಂದರ್ಭಗಳು. ಫೆರೋರೆಸೊನೆನ್ಸ್, ಅಂದರೆ ಕಬ್ಬಿಣದಿಂದ ಹುಟ್ಟುವ ಅನುರಣನ, ಅಂಥದೊಂದು ಕಥೆ.

ಅದರ ಪೀಠಿಕೆ ಲಂಡನ್ನಿನಲ್ಲಿದೆ. 1880ರ ದಶಕದ ಕೊನೆಯಲ್ಲಿ, ಇನ್ನೂ ಇಪ್ಪತ್ತೈದು ತುಂಬದ ಸೆಬಾಸ್ಟಿಯನ್ ಡಿ ಫೆರಾಂಟಿ ಥೇಮ್ಸ್ ದಂಡೆಯ ಡೆಪ್ಟ್‌ಫರ್ಡ್‌ನಲ್ಲಿ ಭಾರಿ ವಿದ್ಯುದಾಗಾರವೊಂದನ್ನು ಕಟ್ಟಲು ಹೊರಟ. ಅಲ್ಲಿಂದ ನಗರದ ನಡುವಿಗೆ 10,000 ವೋಲ್ಟಿನ ಸಿಂಗಲ್ ಫೇಸ್ ವಿದ್ಯುತ್ತನ್ನು ಒಯ್ಯುವುದು ಅವನ ಯೋಜನೆ. ಅಷ್ಟನ್ನು ತಾಳಬಲ್ಲ ಕೇಬಲ್ ಆಗ ಇರಲಿಲ್ಲ. ತಾಮ್ರದ ಒಂದು ಕೊಳವೆಯೊಳಗೆ ಇನ್ನೊಂದನ್ನು ಇಟ್ಟು, ನಡುವೆ ಮೇಣ ಕುಡಿಸಿದ ಕಾಗದ ಸುತ್ತಿ, ತಾನೇ ಮಾಡಿಸಿದ.

ದೂರ ಸಾಗಿದಂತೆ ವೋಲ್ಟೇಜ್ ಇಳಿಯಬೇಕು ಎಂಬುದು ಎಲ್ಲರ ತಿಳಿವಳಿಕೆ. ಕೇಬಲ್ ಜೋಡಿಸಿದಾಗ ಅದು ಏರಿತು! 1891ರಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಇಂಥ ಪರಿಣಾಮಗಳನ್ನು ವಿವರಿಸಿ ಬರೆದ. ಎರಡು ಲೋಹಗಳ ನಡುವೆ ಕಾಗದವಿದ್ದರೆ ಅದೊಂದು ಕೆಪಾಸಿಟರ್. ಫೆರಾಂಟಿ ಮೈಲಿಗಟ್ಟಲೆ ಉದ್ದದ ಕೆಪಾಸಿಟರನ್ನೇ ಹಾಸಿದಂತಾಗಿತ್ತು. ಯಂತ್ರಗಳ ಸುರುಳಿಗಳು ಅದರೊಂದಿಗೆ ಸೇರಿಕೊಂಡಿದ್ದವು.

ಇವೆರಡರ ಸಂಬಂಧವನ್ನು ನಾನು ಹಗ್ಗಜಗ್ಗಾಟದಂತೆ ಕಲ್ಪಿಸಿಕೊಳ್ಳುತ್ತೇನೆ. ಸುರುಳಿಯ ವೋಲ್ಟೇಜೂ ಕೆಪಾಸಿಟರಿನ ವೋಲ್ಟೇಜೂ ಎದುರುಬದುರಾಗಿ ಎಳೆಯುತ್ತವೆ. ಎರಡೂ ಸಮಸಮವಾದಾಗ ಹಗ್ಗದ ನಡುವಿನ ಗುರುತು ಅಲುಗುವುದಿಲ್ಲ. ಆದರೆ ಹಗ್ಗ ಹರಿಯುವಷ್ಟು ಬಿಗಿದಿರುತ್ತದೆ. ಅನುರಣನವೆಂದರೆ ಇದೇ. ಹೊರಗಿನಿಂದ ಕೊಟ್ಟದ್ದು ಸ್ವಲ್ಪ, ಒಳಗೆ ಬೆಳೆದದ್ದು ಬಹಳ.

1891ರಲ್ಲೇ ಫೆರಾಂಟಿ ಆ ಕಂಪನಿಯಿಂದ ಹೊರಬಂದ. ಅವನ ಕೇಬಲ್ ದಶಕಗಳ ಕಾಲ ದುಡಿಯಿತು. ಅವನನ್ನು ಬೆರಗುಗೊಳಿಸಿದ ವೋಲ್ಟೇಜ್ ಏರಿಕೆಗೆ ಪಠ್ಯಪುಸ್ತಕಗಳು ಅವನದೇ ಹೆಸರಿಟ್ಟು ‘ಫೆರಾಂಟಿ ಪರಿಣಾಮ’ ಎಂದವು.

ಈ ಆಟದಲ್ಲಿ ಕಬ್ಬಿಣ ತನ್ನದೇ ಒಂದು ತೊಡಕು ತರುತ್ತದೆ. ಟ್ರಾನ್ಸ್‌ಫಾರ್ಮರಿನ ಸುರುಳಿಯೊಳಗಿನ ಕಬ್ಬಿಣ ಒಂದು ಮಿತಿಯವರೆಗೆ ಮಾತ್ರ ಕಾಂತತೆಯನ್ನು ಹೀರಿಕೊಳ್ಳುತ್ತದೆ. ಆಮೇಲೆ ನೀರು ಕುಡಿದು ತುಂಬಿದ ಬಟ್ಟೆಯಂತೆ. ಆಗ ಸುರುಳಿಯ ಬಲ ಬದಲಾಗುತ್ತದೆ, ಅನುರಣನದ ಲೆಕ್ಕವೂ ಬದಲಾಗುತ್ತದೆ. 1907ರಲ್ಲಿ ಫ್ರಾನ್ಸಿನ ಜೋಸೆಫ್ ಬೆತೆನೊ ಟ್ರಾನ್ಸ್‌ಫಾರ್ಮರಿನ ಅನುರಣನದ ಬಗ್ಗೆ ಬರೆದ. 1920ರಲ್ಲಿ ಅದೇ ದೇಶದ ಪಾಲ್ ಬೂಷರೊ ಇದಕ್ಕೆ ‘ಫೆರೋರೆಸೊನೆನ್ಸ್’ ಎಂದು ಹೆಸರಿಟ್ಟು, ಅದರ ವಿಚಿತ್ರ ಗುಣವನ್ನು ತೋರಿಸಿದ: ಒಂದೇ ಮಂಡಲ, ಒಂದೇ ವೋಲ್ಟೇಜ್, ಆದರೂ ಎರಡು ಸ್ಥಿರ ಉತ್ತರಗಳು.

ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಾ ಹೋದರೆ ಒಂದು ಘಟ್ಟದಲ್ಲಿ ಕರೆಂಟು ತಟ್ಟನೆ ಮೇಲಕ್ಕೆ ನೆಗೆಯುತ್ತದೆ. ಮತ್ತೆ ಅದೇ ಘಟ್ಟಕ್ಕೆ ಇಳಿಸಿದರೆ ಅದು ಕೆಳಗೆ ಬರುವುದಿಲ್ಲ. ಇನ್ನೂ ಬಹಳ ಇಳಿಸಬೇಕು. ಹಾಗಾಗಿ ಈಗಿನ ವೋಲ್ಟೇಜನ್ನಷ್ಟೇ ನೋಡಿ ಮಂಡಲದ ಸ್ಥಿತಿ ಹೇಳಲಾಗದು. ಅದು ಯಾವ ದಾರಿಯಲ್ಲಿ ಬಂತು ಎಂದೂ ತಿಳಿದಿರಬೇಕು. ಚರಿತ್ರೆ ಓದುವವನಾದ ನನಗೆ ಭೌತಶಾಸ್ತ್ರದ ಈ ಮಾತು ತುಂಬ ಹತ್ತಿರದ್ದೆನಿಸುತ್ತದೆ.

ಇದು ಬರೀ ಪ್ರಯೋಗಶಾಲೆಯ ಕುತೂಹಲವಲ್ಲ. ಮೂರು ತಂತಿಗಳಲ್ಲಿ ಒಂದರ ಫ್ಯೂಸ್ ಹೋಗಿ, ನೆಲದಡಿಯ ಕೇಬಲ್ಲಿಗೆ ಜೋಡಿಸಿದ ಟ್ರಾನ್ಸ್‌ಫಾರ್ಮರ್ ಹೊರೆಯಿಲ್ಲದೆ ನಿಂತಿದ್ದರೆ, ವೋಲ್ಟೇಜ್ ಇರಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಏರಬಹುದು. ಟ್ರಾನ್ಸ್‌ಫಾರ್ಮರ್ ಗದ್ದಲ ಮಾಡುತ್ತದೆ, ಕಾಯುತ್ತದೆ, ಕೆಲವೊಮ್ಮೆ ಸುಟ್ಟೇ ಹೋಗುತ್ತದೆ. ಮದ್ದು ಸರಳ: ಮೂರೂ ತಂತಿಗಳನ್ನು ಒಟ್ಟಿಗೆ ತೆರೆಯುವುದು, ಇಲ್ಲವೇ ಹೆಚ್ಚುವರಿ ಶಕ್ತಿಯನ್ನು ನುಂಗಲು ಒಂದಿಷ್ಟು ಹೊರೆ ಇಡುವುದು.

1938ರಲ್ಲಿ ಅಮೆರಿಕದ ಜೋಸೆಫ್ ಸೋಲಾ ಈ ಉಪದ್ರವವನ್ನೇ ಕೆಲಸಕ್ಕೆ ಹಚ್ಚಿದ. ಕಬ್ಬಿಣ ಹೇಗೂ ತುಂಬಿ ನಿಂತಿದ್ದರೆ, ಒಳಬರುವ ವೋಲ್ಟೇಜ್ ಏರಿಳಿದರೂ ಹೊರಹೋಗುವುದು ಹೆಚ್ಚು ಬದಲಾಗದು. ನಮ್ಮ ಪ್ರಯೋಗಶಾಲೆಗಳಲ್ಲಿ ಸಿವಿಟಿ ಎಂದು ಕರೆಸಿಕೊಳ್ಳುವ, ಸದಾ ಗುಂಯ್‌ಗುಡುವ ಭಾರದ ಪೆಟ್ಟಿಗೆ ಅದೇ. ಅದರೊಳಗೆ ಆ ಹಗ್ಗಜಗ್ಗಾಟ ಈಗಲೂ ನಡೆದಿದೆ, ಈ ಬಾರಿ ನಮ್ಮ ಅನುಕೂಲಕ್ಕೆ.